ಡೀಸೆಲ್ ಮುಳ್ಳಿಗೆ ನಾನು ಕಲಿಸಿದ ಶಿಸ್ತು

ಗಾಡಿ ರಿಪೇರಿಗೆ ಬೇಕಿರುವುದು ಅರ್ಧ ಧೈರ್ಯ, ಅರ್ಧ ಸ್ಕ್ರೂಡ್ರೈವರ್ ಎಂದು ನಾನು ನಂಬಿದ್ದೆ. ನನ್ನ ಬಳಿ ಎರಡೂ ಇದ್ದವು.

ಜೆ.ಪಿ. ನಗರದಲ್ಲಿ ಬಳೆ, ಕ್ಲಿಪ್ಪು ಮಾರುವ ಫ್ಯಾನ್ಸಿ ಸ್ಟೋರ್ ನನ್ನದು. ಊರೂರು ಸುತ್ತುವ ಆಸೆಯಿಂದ ಹಳೆಯ ವ್ಯಾನೊಂದನ್ನು ಕೊಂಡಿದ್ದೆ. ಒಳಗೆ ಮಂಚ, ಗ್ಯಾಸ್ ಒಲೆ, ಸಿಂಕು ಎಲ್ಲವೂ ಇರುವ ಚಲಿಸುವ ಮನೆ. ಅದರ ಡೀಸೆಲ್ ಮೀಟರಿನ ಮುಳ್ಳಿಗೆ ಮಾತ್ರ ಒಂದು ನಿಲುವೆಂಬುದಿರಲಿಲ್ಲ. ಎಡಕ್ಕೆ ತಿರುಗಿದರೆ ಟ್ಯಾಂಕ್ ಫುಲ್ ಎನ್ನುತ್ತಿತ್ತು. ಬಲಕ್ಕೆ ತಿರುಗಿದರೆ ಖಾಲಿ! ಹೆಡ್‌ಲೈಟ್ ಹಾಕಿದರೆ ಗಡಗಡ ನಡುಗುತ್ತಿತ್ತು.

ಮರುದಿನ ಅತ್ತೆಯವರನ್ನು ಮೇಲುಕೋಟೆಗೆ ಕರೆದೊಯ್ಯಬೇಕಿತ್ತು.

"ರೀ, ಮೆಕ್ಯಾನಿಕ್‌ಗೆ ತೋರಿಸ್ಬಾರ್ದಾ?" ಎಂದಳು ಹೆಂಡತಿ ಸುಮಾ.

"ಅರ್ತಿಂಗ್ ಲೂಸು, ಅಷ್ಟೇ ಕಣೇ. ವಿಡಿಯೋ ನೋಡಿದೀನಿ" ಎಂದವನೇ ವ್ಯಾನಿನ ಕೆಳಗೆ ಅಂಗಾತ ಮಲಗಿದೆ.

ಟ್ಯಾಂಕಿನಿಂದ ಬರುವ ವೈರುಗಳ ತುಕ್ಕು ಉಜ್ಜಿದೆ. ಯಾವುದು ಅರ್ತಿಂಗ್ ಎಂಬ ಸಣ್ಣ ಸಂದೇಹ ಬಂತು. ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಒಟ್ಟಿಗೆ ಗಾಡಿಯ ತಗಡಿಗೆ ಬಿಗಿದುಬಿಟ್ಟೆ. ಕೀಲಿ ತಿರುಗಿಸಿದೆ. ಮುಳ್ಳು ಫುಲ್‌ಗೆ ಹೋಗಿ ನಿಂತಿತು. ಬೀದಿಯಲ್ಲೊಂದು ಸುತ್ತು ಹಾಕಿದೆ. ಎಡಕ್ಕೂ ಫುಲ್, ಬಲಕ್ಕೂ ಫುಲ್. ಹಂಪ್ ಹಾರಿಸಿದರೂ ಅಲುಗಾಡಲಿಲ್ಲ!

"ಡೀಸೆಲ್ ಯಾವಾಗ ಹಾಕ್ಸಿದ್ರಿ?" ಎಂದಳು ಸುಮಾ.

"ಮೀಟ್ರೇ ಫುಲ್ ಅಂತಿರೋವಾಗ ನನ್ನ ಯಾಕೆ ಕೇಳ್ತೀಯ?"

ಬೆಳಿಗ್ಗೆ ಅತ್ತೆಯವರನ್ನೂ ಸುಮಾಳನ್ನೂ ಹತ್ತಿಸಿಕೊಂಡು ಹೊರಟೆ. ಸಾರಕ್ಕಿ ಸಿಗ್ನಲ್ ಹಸಿರಾಯಿತು. ವ್ಯಾನು ಎರಡು ಸಲ ಕೆಮ್ಮಿ, ನಿಂತೇ ಹೋಯಿತು. ಹಿಂದಿನಿಂದ ಹಾರ್ನುಗಳ ಸುಪ್ರಭಾತ! ಪುಣ್ಯಾತ್ಮರು ಕೆಲವರು ಪಕ್ಕಕ್ಕೆ ತಳ್ಳಿಕೊಟ್ಟರು. ನಾನು ಕ್ಯಾನ್ ಹಿಡಿದು ಬಂಕಿಗೆ ಓಡಿದೆ.

ಮರಳಿ ಬಂದರೆ ವ್ಯಾನಿನ ಮುಂದೆ ಜನವೋ ಜನ. ಕಾದು ಬೇಸತ್ತ ಅತ್ತೆ ಬಾಗಿಲು ತೆಗೆದಿಟ್ಟು ಕಾಫಿ ಮಾಡುತ್ತಿದ್ದರು. ಘಮ ರಸ್ತೆಗೆಲ್ಲ ಹರಡಿತ್ತು.

"ಆಂಟಿ, ಇಡ್ಲಿ ಇದ್ಯಾ?" ಎಂದು ಒಬ್ಬ ಕೇಳುತ್ತಿದ್ದ.

"ಇಲ್ಲಪ್ಪಾ, ಚಿತ್ರಾನ್ನ ಇದೆ. ಆದ್ರೆ ಅದು ನಮ್ಗೆ!" ಎಂದರು ಅತ್ತೆ.

ಡೀಸೆಲ್ ಸುರಿದೆ. ಗಾಡಿ ಸ್ಟಾರ್ಟ್ ಆಗಲಿಲ್ಲ. ಪೂರ್ತಿ ಖಾಲಿಯಾದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದಂತೆ. ಆ ವಿಷಯ ವಿಡಿಯೋದಲ್ಲಿರಲಿಲ್ಲ!

ಅಷ್ಟರಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಬಂದರು. "ಏನ್ ಮೇಡಂ, ಸಿಗ್ನಲ್ಲಲ್ಲೇ ಹೋಟ್ಲು ಹಾಕ್ಬಿಟ್ಟಿದೀರಾ?"

ಸುಮಾ ನಡೆದದ್ದನ್ನೆಲ್ಲ ಹೇಳಿದಳು. ಅವರು ಕಿಟಕಿಯಿಂದ ಬಗ್ಗಿ ಮೀಟರ್ ನೋಡಿದರು.

"ಯಾವನ್ ಮೇಡಂ ಇದನ್ನ ರಿಪೇರಿ ಮಾಡಿದ್ದು? ಇನ್ಮೇಲೆ ಅವನನ್ನ ಮನೆ ಹತ್ರ ಸೇರಿಸ್ಬೇಡಿ."

"ಆಗಲ್ಲ ಸಾರ್. ಮದುವೆ ಆಗ್ಬಿಟ್ಟಿದೆ" ಎಂದಳು ಸುಮಾ.

ಅವರು ನನ್ನನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. ನಂತರ ತಾವೇ ಫೋನ್ ಮಾಡಿ ಮೆಕ್ಯಾನಿಕ್‌ನನ್ನು ಕರೆಸಿದರು. ದಂಡ ಹಾಕಲಿಲ್ಲ. ಆ ಹೆಂಗಸಿಗೆ ಈಗಾಗಲೇ ಸಾಕಷ್ಟು ದಂಡ ಬಿದ್ದಿದೆ ಎನ್ನಿಸಿರಬೇಕು!