ಆಯುಧಪೂಜೆಗೆ ರಜೆ ಹೋದ ಫ್ರಿಜ್ಜಿನವರಿಗೆ

ಆಪರೇಷನ್ ಥಿಯೇಟರಿನ ಬಾಗಿಲ ಪಕ್ಕ ಇಂಜೆಕ್ಷನ್ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ನಿಂತಿರುವ, ಸದಾ ತಣ್ಣಗಿರಬೇಕಾದ ಮಾನ್ಯ ಫ್ರಿಜ್ಜಿನವರೇ,

ತೂಬಗೆರೆ ಕಡೆಯ ಆಂಜಿನಪ್ಪ ಮಾಡುವ ನಮಸ್ಕಾರಗಳು. ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಇವತ್ತು ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ನನ್ನ ಹೆಂಡತಿ ಭಾಗ್ಯಮ್ಮನ ಪಿತ್ತಕೋಶದ ಕಲ್ಲು ತೆಗೆಯಲು ಡಾಕ್ಟರು ಹೊಟ್ಟೆಗೆ ಕೈ ಹಾಕಿದ್ದಾರೆ, ಇವಳು ಧಡಕ್ಕನೆ ಎದ್ದು ಕೂತು, “ಬೇಗ ಹೊಲೀರಿ ಸಾರ್, ಹಸ ಕರೆಯೋ ಹೊತ್ತಾಯ್ತು” ಅನ್ನುತ್ತಿದ್ದಾಳೆ. ತಾವು ಮೂಲೆಯಲ್ಲಿ ಹಾರ ಹಾಕಿಸಿಕೊಂಡು ಬೆವರುತ್ತಾ ನಿಂತಿದ್ದಿರಿ. ನಿಜವಾದ ಆಪರೇಷನ್ ನಾಳೆ ಇದೆ.

ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಡಾಕ್ಟರು ಪದ್ಮಶ್ರೀ ಮೇಡಂ ಮೊನ್ನೆ ಹೇಳಿದ್ದರು: “ಮತ್ತು ಬಂದ್ಮೇಲೂ ಮೈ ಬಿಗಿಯಾಗೇ ಇರುತ್ತೆ ಆಂಜಿನಪ್ಪನೋರೇ, ಸಡಿಲ ಮಾಡೋಕೆ ಬೇರೆ ಇಂಜೆಕ್ಷನ್ ಇದೆ. ಅದು ಫ್ರಿಜ್ಜಲ್ಲೇ ಇರ್ಬೇಕು. ಬೆಚ್ಚಗಾದ್ರೆ ತಕ್ಷಣ ಕೆಡಲ್ಲ, ನಿಧಾನಕ್ಕೆ ಕಸುವು ಹೋಗುತ್ತೆ. ಎಷ್ಟು ಹೊತ್ತು ಹಾಗಿತ್ತು ಅಂತ ನಮಗೆ ಗೊತ್ತಿರ್ಬೇಕು, ಅಷ್ಟೆ.” ಆ ‘ಅಷ್ಟೆ’ ನನ್ನ ಎದೆಯಲ್ಲಿ ಕೂತುಬಿಟ್ಟಿದೆ.

ನಿನ್ನೆ ಆಯುಧಪೂಜೆ. ಸ್ಟೋರು ನೋಡಿಕೊಳ್ಳುವ ಮುನಿಕೃಷ್ಣನವರು ಫ್ರಿಜ್ಜಿನವರಾದ ತಮ್ಮ ಕಾಲಡಿಗೆ ನಿಂಬೆಹಣ್ಣಿಟ್ಟು, ಹಣೆಗೆ ಅಂಗೈಯಗಲ ವಿಭೂತಿ ಬಳಿದು, ಎರಡೂ ಕಡೆ ಬಾಳೆಕಂದು ಕಟ್ಟಿ ಮಂಗಳಾರತಿ ಎತ್ತಿದ ಭಕ್ತಿ ಕಂಡು ನಾನೂ ಕೈಮುಗಿದೆ, ಕಡ್ಲೆಪುರಿ ತಿಂದೆ. ಆಮೇಲೆ ಅವರು ತಮ್ಮ ಸ್ವಿಚ್ಚನ್ನೇ ಆರಿಸಿದರು. ಗಾಬರಿಯಾಗಿ ಕೇಳಿದ್ದಕ್ಕೆ, “ವರ್ಷವೆಲ್ಲಾ ದುಡಿಯುತ್ತೆ ಕಣಣ್ಣ, ಒಂದಿನ ರೆಸ್ಟ್ ಬೇಡ್ವಾ? ಪೂಜೆ ಮಾಡಿದ್ ದಿನ ನೀನು ಟ್ರ್ಯಾಕ್ಟರ್ ಓಡಿಸ್ತೀಯಾ?” ಅಂದರು. ನಿಜ, ನಾವೂ ಓಡಿಸುವುದಿಲ್ಲ. ಮತ್ತೆ ಯಾವಾಗ ಹಾಕಿದರೋ ನೋಡಿದವರಿಲ್ಲ; ಬೆಳಿಗ್ಗೆ ಬಂದಾಗ ತಾವು ಏನೂ ಆಗದವರಂತೆ ಗುರ್ರೆನ್ನುತ್ತಿದ್ದಿರಿ.

ತಮ್ಮ ಮನೆತನದ ಗುಟ್ಟಿನ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಹಾಲು ಕೆಟ್ಟರೆ ಒಡೆದು ಊರಿಗೆಲ್ಲಾ ಸಾರುತ್ತದೆ. ತಮ್ಮ ಸೀಸೆಯವರು ಎಂಥ ಮರ್ಯಾದಸ್ಥರೆಂದರೆ, ಕಸುವು ಹೋದರೂ ತಿಳಿನೀರಿನ ಹಾಗೆ ತೆಪ್ಪಗಿರುತ್ತಾರೆ. ಆದ್ದರಿಂದ ತಾವು ದಯಮಾಡಿ ನಿನ್ನೆಯ ಸೆಕೆಯನ್ನು ಹಿಂದಕ್ಕೆ ಕಳಿಸಬೇಕು. ಅದಾಗದಿದ್ದರೆ ಭಾಗ್ಯಮ್ಮನ ಹೊಟ್ಟೆಯ ಮಾಂಸಖಂಡಗಳಿಗೂ ಹಬ್ಬದ ರಜೆ ಮಂಜೂರು ಮಾಡಿ, ನಾಳೆ ಅವು ತಾವಾಗಿಯೇ ಸಡಿಲವಾಗುವಂತೆ ಆಜ್ಞೆ ಹೊರಡಿಸಬೇಕು.

ಇದನ್ನು ಡಾಕ್ಟರಿಗೇ ಹೇಳಬಹುದಿತ್ತು. ಆದರೆ ನಾಳೆ ಇವಳು ಅವರ ಕೈಯಲ್ಲಿರುತ್ತಾಳೆ, ಎಲ್ಲಿ ಮುನಿಸಿಕೊಂಡಾರೋ ಎಂದು ಭಯ. ಅದಕ್ಕೇ ತಮಗೆ ಬರೆದು, ಮೇಡಂ ಕಣ್ಣಿಗೆ ಬೀಳುವ ಹಾಗೆ ತಮ್ಮ ಬಾಗಿಲಿಗೇ ಅಂಟಿಸಿದ್ದೇನೆ.

ತಮ್ಮ ತಂಪನ್ನೇ ನೆಚ್ಚಿ ಬೆಂಚಿನ ಮೇಲೆ ಕೂತಿರುವ
ತಮ್ಮ ವಿಶ್ವಾಸಿ,
ಆಂಜಿನಪ್ಪ

ಮರೆತಿದ್ದ ಮಾತು: ಊಟದ ಕೋಣೆಯ ಸಣ್ಣ ಫ್ರಿಜ್ಜಿನವರಿಗೂ ನಿನ್ನೆ ಪೂಜೆಯಾಯಿತು, ಆದರೆ ಅವರ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ಒಳಗೆ ಸಿಬ್ಬಂದಿಯ ಪಾಯಸವಿತ್ತಂತೆ, ಕೆಟ್ಟುಹೋದೀತು ಅಂತ. ಮೇಡಂ, ತಾವು ಓದುತ್ತಿದ್ದರೆ, ಈ ದೊಡ್ಡವರು ನಿನ್ನೆ ಎಷ್ಟು ಹೊತ್ತು ಆರಿದ್ದರು ಎಂಬುದೊಂದನ್ನು, ಭಾಗ್ಯಮ್ಮನನ್ನು ಒಳಗೆ ಕರೆಯುವ ಮುಂಚೆ ಒಂದು ಸಲ ವಿಚಾರಿಸಿ.