ಸ್ವಂತ ಟ್ರೇಲರ್, ಬಾಡಿಗೆ ಧೈರ್ಯ

ಭಾನುವಾರ ಬೆಳಿಗ್ಗೆ ತಮ್ಮ ಕನ್ನಡಕದ ಅಂಗಡಿಯ ಬಾಗಿಲು ತೆಗೆದು ಗಾಜಿನ ಕಪಾಟು ಒರೆಸುತ್ತಿದ್ದಾಗ ಕನ್ನಡಕ ಮಾವನ ಫೋನಿಗೆ ಮಗಳ ಮೆಸೇಜು ಬಂತು.

"ಅಪ್ಪಾ, ನಮ್ಮ ಕಂಪನಿಗೆ ಸ್ವಂತ ಟ್ರೇಲರ್ ತಗೊಳ್ಳೋಣ್ವಾ ಬೇಡ್ವಾ? ಸಂಜೆಯೊಳಗೆ ಯೋಚಿಸಿ ಹೇಳು. ಹಾಸ್ಟೆಲ್ಲಲ್ಲಿ ಎಲ್ಲರೂ ತಗೊಂಡಾಯ್ತು. ನಮ್ಮ ಜೊತೆ ಬಾ ಅಂತ ನನ್ನನ್ನ ಕರೀತಿದಾರೆ."

ಮಾವ ಅದನ್ನು ಮೂರು ಸಲ ಓದಿದರು. ಒಮ್ಮೆ ತಮ್ಮ ಕನ್ನಡಕ ಹಾಕಿಕೊಂಡು, ಒಮ್ಮೆ ತೆಗೆದು, ಒಮ್ಮೆ ಗಿರಾಕಿಗೆಂದು ಇಟ್ಟಿದ್ದ ಹೊಸ ಜೋಡಿಯನ್ನು ಮೂಗಿಗೇರಿಸಿ. ಯಾವ ಕನ್ನಡಕದಲ್ಲೂ ಕೊನೆಯ ಸಾಲು ಬದಲಾಗಲಿಲ್ಲ.

ಕಂಪನಿ ಎಂದರೆ ದೊಡ್ಡದೇನಲ್ಲ, ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಒಂದು ಆಟ. ನರ್ಸಿಂಗ್ ಓದಲು ಬೇರೆ ಊರಿಗೆ ಹೋಗುವ ಮುಂಚೆ ಮಗಳೇ ಅದನ್ನು ಅಂಗಡಿಯ ಹಳೆಯ ಕಂಪ್ಯೂಟರಿಗೆ ಹಾಕಿ ಅಪ್ಪನಿಗೆ ಕಲಿಸಿದ್ದಳು. ಪ್ರತಿ ಭಾನುವಾರ ಸಂಜೆ ಅವಳು ಹಾಸ್ಟೆಲಿನಿಂದ, ಇವರು ಅಂಗಡಿಯಿಂದ, ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಲಾರಿ ಓಡಿಸುತ್ತ ಮಾತಾಡುವರು. ಫೋನಿನಲ್ಲಾದರೆ ಆ ಹುಡುಗಿಯದು "ಊಟ ಆಯ್ತು, ಚೆನ್ನಾಗಿದೀನಿ, ಇಡ್ತೀನಿ", ಅಷ್ಟೇ. ಲಾರಿ ಹತ್ತಿದಳೆಂದರೆ ಮೊದಲ ಇಂಜೆಕ್ಷನ್ ಕೊಡುವಾಗ ತಾನೇ ಕಣ್ಣು ಮುಚ್ಚಿಕೊಂಡಿದ್ದು, ರೂಮಿನವಳ ಗೊರಕೆ, ಯಾರಿಗೂ ಕಾಣದಂತೆ ಅತ್ತಿದ್ದು, ಎಲ್ಲ ತಾನಾಗಿ ಹೊರಗೆ ಬರುತ್ತಿತ್ತು. ಕಣ್ಣೆದುರು ಮುಖದ ಬದಲು ರಸ್ತೆ ಇದ್ದರೆ ಮಕ್ಕಳು ಮಾತಾಡುತ್ತವೆ. ಮಾವನಿಗೆ ವಾರವೆಂದರೆ ಆ ಒಂದು ಸಂಜೆ. ಉಳಿದ ದಿನಗಳೆಲ್ಲ ಅದರ ಹಿಂದೆ ಕಟ್ಟಿಕೊಂಡು ಬಂದ ಟ್ರೇಲರುಗಳು.

ಇಷ್ಟು ದಿನ ಲಾರಿಯ ಮುಂಭಾಗ ಮಾತ್ರ ಅವರದಾಗಿತ್ತು. ಹಿಂದಿನ ಟ್ರೇಲರು ಯಾರದೋ, ಅದರೊಳಗಿನ ಸರಕು ಇನ್ಯಾರದೋ. ಸಿಕ್ಕಿಸಿಕೊಂಡು ಹೋಗುವುದು, ಊರು ಮುಟ್ಟಿದ ಮೇಲೆ ಒಂದು ಗುಂಡಿ ಒತ್ತುವುದು, ಟ್ರೇಲರು ತಾನೇ ಹೋಗಿ ನಿಂತುಕೊಳ್ಳುವುದು. ಸ್ವಂತದ್ದಾದರೆ ಕೂಲಿ ಹೆಚ್ಚು, ಬೇಕಾದ ಬಣ್ಣ ಬಳಿಸಬಹುದು. ಆದರೆ ಸರಕು ತುಂಬಿಸಿಕೊಳ್ಳಲು ಟ್ರೇಲರನ್ನು ತಾವೇ ಹಿಂದಕ್ಕೆ ನಡೆಸಿ ಗೋದಾಮಿನ ಕಟ್ಟೆಗೆ ಹಚ್ಚಬೇಕು. ಅಲ್ಲಿ ಗುಂಡಿ ಗಿಂಡಿ ನಡೆಯುವುದಿಲ್ಲ.

ಮಾವ ಹಿಂಜರಿಯುತ್ತಿದ್ದುದು ಅಲ್ಲೇ. ಹಿಂದೆ ಬರುವಾಗ ಟ್ರೇಲರು ಮುನಿಸಿಕೊಂಡ ಬೀಗರ ಹಾಗೆ. ನೀವು ಎಡಕ್ಕೆ ಕರೆದರೆ ಬಲಕ್ಕೆ ಹೋಗುತ್ತದೆ, ಬಲಕ್ಕೆ ಕರೆದರೆ ಎಡಕ್ಕೆ. ಒಮ್ಮೆ ಗುಟ್ಟಾಗಿ ಪ್ರಯತ್ನಿಸಲು ಹೋಗಿ ಪೆಟ್ರೋಲ್ ಬಂಕಿನ ಮೇಲೇ ಒರಗಿದ್ದರು. ಈಗ "ನನಗೆ ಬರಲ್ಲ" ಎಂದರೆ ಮಗಳು ಗೆಳತಿಯರ ಜೊತೆ ಹೋಗುತ್ತಾಳೆ. ಹೋಗಲಿ ಎನ್ನಲು ಬಾಯಿ ಸಿದ್ಧವಿತ್ತು, ಮನಸ್ಸು ಸಿದ್ಧವಿರಲಿಲ್ಲ.

ಕಾಫಿ ತಂದ ಹೆಂಡತಿ ಅವರ ಮುಖ ನೋಡಿ ನಿಂತಳು. "ರೀ, ಏನಾಯ್ತು?"

ಮಾವ ವಿಷಯ ಹೇಳಿದರು. ರಿವರ್ಸಿನ ಮಾತೊಂದನ್ನು ಬಿಟ್ಟು.

"ಸ್ವಂತದ್ದು ತಗೊಂಡ್ರೆ ತೊಳೆಯೋರು ಯಾರು?"

"ಅದು ಆಟದ್ದು ಕಣೆ."

"ಆಟದಲ್ಲಿ ತೊಳೀಬೇಕಾ?"

"ಬೇಡ."

"ಹಾಗಾದ್ರೆ ತಗೊಳ್ಳಿ, ಅದಕ್ಕೇನಂತೆ," ಎಂದು ಆಕೆ ಒಂದೇ ಏಟಿಗೆ ತೀರ್ಪು ಕೊಟ್ಟಳು.

ಪಕ್ಕದ ಅಂಗಡಿಯ ಟೈಲರಮ್ಮ ಗೋಡೆಯಾಚೆಯಿಂದಲೇ ಕಿವಿ ಕೊಟ್ಟಿದ್ದರು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಬಾಗಿಲಿಗೆ ಬಂದರು. "ಅಕ್ಕಾ, ಹಾಗೆಲ್ಲ ಒಪ್ಪಬೇಡಿ. ಬಾಡಿಗೆ ಮನೆ ಸೋರಿದ್ರೆ ಓನರಿಗೆ ಫೋನ್ ಮಾಡ್ತೀವಿ. ಸ್ವಂತ ಮನೆ ಸೋರಿದ್ರೆ ಬಕೆಟ್ ಇಡ್ತೀವಿ. ಲೋಟ ಹಾಲಿಗೆ ಹಸು ಕಟ್ಟಬೇಕಾ ಮಾವ?"

"ಊರಿನ ಹಸುಗಳನ್ನೇ ಎಷ್ಟು ದಿನ ಮೇಯಿಸೋದು?" ಎಂದಳು ಹೆಂಡತಿ.

ಹತ್ತು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಎರಡು ಪಕ್ಷಗಳಾದವು, ಸ್ವಂತದ್ದೊಂದು, ಬಾಡಿಗೆಯದೊಂದು. ಹಾಲು ಹಾಕುವವನು ಸೈಕಲ್ ಸ್ಟ್ಯಾಂಡ್ ಹಾಕಿ ಮತ ಕೊಟ್ಟು ಹೋದ. ಔಷಧಿ ಅಂಗಡಿಯವನು ಯಾವ ಪಕ್ಷವೂ ಅಲ್ಲ, ಆದರೆ ಬಣ್ಣ ನೀಲಿಯೇ ಇರಬೇಕೆಂದು ಹಟ ಹಿಡಿದ. ಕಣ್ಣು ಪರೀಕ್ಷೆಗೆ ಬಂದ ಗಿರಾಕಿಯೊಬ್ಬರು ಅಕ್ಷರದ ಹಲಗೆ ಓದುತ್ತಲೇ, "ಮೂರನೇ ಸಾಲು ಮಸುಕು ಮಸುಕು, ಆದ್ರೆ ನೀವು ಸ್ವಂತದ್ದೇ ತಗೊಳ್ಳಿ," ಎಂದರು. "ನಿಮಗೆ ಹಿಂದಕ್ಕೆ ಓಡಿಸೋಕೆ ಬರುತ್ತಾ?" ಎಂದು ಮಾತ್ರ ಯಾರೂ ಕೇಳಲಿಲ್ಲ.

ಆ ಗುಟ್ಟನ್ನು ಮಾವ ಬಿಟ್ಟುಕೊಟ್ಟದ್ದು ಗೇರ್ ಅಜ್ಜನ ಬಳಿ. ಅಜ್ಜ ಆಯುಷ್ಯವೆಲ್ಲ ಲಾರಿ ಓಡಿಸಿ, ಈಗ ಬೀದಿಯ ಕಟ್ಟೆಯ ಮೇಲೆ ಕೂತು ಹೋಗಿಬರುವವರ ನಡಿಗೆಯಲ್ಲಿ ತಪ್ಪು ಹುಡುಕುವವರು. ಹೊಸ ಕನ್ನಡಕ ಸಿದ್ಧವಾಯಿತೇ ಎಂದು ಕೇಳಲು ಬಂದಿದ್ದರು.

"ರಿವರ್ಸಾ? ಅದೇನು ಬ್ರಹ್ಮವಿದ್ಯೆಯಾ?" ಎಂದರು ಅಜ್ಜ. "ಸ್ಟೀರಿಂಗನ್ನ ಕೆಳಗಡೆ ಹಿಡ್ಕೋ. ಕೈ ಯಾವ ಕಡೆಗೋ ಟ್ರೇಲರಿನ ಬಾಲ ಆ ಕಡೆಗೆ."

"ಅಜ್ಜಾ, ನನ್ನ ಸ್ಟೀರಿಂಗಿಗೆ ಮೇಲೂ ಇಲ್ಲ ಕೆಳಗೂ ಇಲ್ಲ. ಕೀಬೋರ್ಡಲ್ಲಿ ಎರಡು ಬಾಣದ ಗುರುತು, ಅಷ್ಟೆ."

ಅಜ್ಜ ಗಡ್ಡ ಕೆರೆದುಕೊಂಡರು. "ಹಂಗಾದ್ರೆ ಮೈಗೇ ಕಲಿಸ್ಬೇಕು. ಆ ಚಕ್ರದ ಸ್ಟೂಲ್ ತಾ."

ಮಾವ ಕಣ್ಣು ಪರೀಕ್ಷೆ ಮಾಡುವಾಗ ಕೂರುವ ಚಕ್ರದ ಸ್ಟೂಲು ಲಾರಿಯಾಯಿತು. ಫ್ರೇಮುಗಳನ್ನು ನೇತುಹಾಕಿದ್ದ, ಚಕ್ರವಿದ್ದ ಎತ್ತರದ ಸ್ಟ್ಯಾಂಡು ಟ್ರೇಲರಾಯಿತು. ಎರಡನ್ನೂ ಟೈಲರಮ್ಮ ಕೊಟ್ಟ ಲೈನಿಂಗ್ ಬಟ್ಟೆಯ ಪಟ್ಟಿಯಿಂದ ಬಿಗಿದದ್ದಾಯಿತು. ಬಾಡಿಗೆ ಪಕ್ಷದವರಾದರೂ ತಮಾಷೆಯಲ್ಲಿ ಅವರು ಹಿಂದೆ ಬಿದ್ದವರಲ್ಲ. ಮಾವ ಸ್ಟೂಲಿನ ಮೇಲೆ ಕೂತು, ಗಿರಾಕಿಗಳು ಮುಖ ನೋಡಿಕೊಳ್ಳುವ ಕೈಗನ್ನಡಿ ಎತ್ತಿ ಹಿಡಿದು, ಕಾಲಿನಿಂದ ನೆಲ ಒದೆಯುತ್ತ ಅಂಗಡಿಯ ಮುಂದಿನ ಜಗಲಿಯ ಮೇಲೆ ಹಿಂದಕ್ಕೆ ಹೊರಟರು.

"ಬರ್ಲಿ ಬರ್ಲಿ ಬರ್ಲಿ," ಎಂದು ಅಜ್ಜ ಸ್ಟ್ಯಾಂಡಿನ ಪಕ್ಕೆ ಬಡಿದರು. "ಬಲಕ್ಕೆ. ಬಲಕ್ಕೆ ಕಣೋ."

"ನನ್ನ ಬಲಕ್ಕಾ, ಕನ್ನಡಿಯ ಬಲಕ್ಕಾ?"

ಈ ಪ್ರಶ್ನೆಗೆ ಉತ್ತರ ಸಿಗುವುದರೊಳಗೆ ಟ್ರೇಲರು ಮೂವತ್ತು ನಲವತ್ತು ಫ್ರೇಮುಗಳ ಸಮೇತ ಟೈಲರಮ್ಮನ ಅಂಗಡಿಯೊಳಕ್ಕೆ ನುಗ್ಗಿ, ಬಾಗಿಲ ಬಳಿ ಸೀರೆ ಉಟ್ಟು ನಿಂತಿದ್ದ ಬೊಂಬೆಯನ್ನು ತಬ್ಬಿಕೊಂಡಿತು. ಒಂದು ಫ್ರೇಮು ಹಾರಿ ಬೊಂಬೆಯ ಮೂಗಿನ ಮೇಲೆ ಅಳತೆ ತೆಗೆದಂತೆ ಕೂತಿತು.

"ಮಾವ, ನನ್ನ ಬೊಂಬೆಗೆ ಕಣ್ಣು ಚೆನ್ನಾಗೇ ಇದೆ," ಎಂದರು ಟೈಲರಮ್ಮ, ಮಿಷನ್ ನಿಲ್ಲಿಸದೆ.

ಹೆಂಡತಿ ಊಟಕ್ಕೆ ಕರೆಯಲು ಬಂದಳು. ಗಂಡ ಸ್ಟೂಲಿನ ಮೇಲೆ ಕೂತು ಹಿಮ್ಮುಖವಾಗಿ ಬೀದಿ ಅಳೆಯುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ದಾರಿಗೆ ಅಡ್ಡವಾಗಿದ್ದ ಹೂಕುಂಡವನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ, ಅನ್ನಕ್ಕೆ ಮುಚ್ಚಳ ಮುಚ್ಚಲು ಒಳಗೆ ಹೋದಳು.

ಮಧ್ಯಾಹ್ನ ಇಳಿಯುವವರೆಗೂ ಇದೇ ನಡೆಯಿತು. ಸ್ಟ್ಯಾಂಡು ಒಮ್ಮೆ ಕಂಬಕ್ಕೆ, ಒಮ್ಮೆ ಅಜ್ಜನ ಮೊಣಕಾಲಿಗೆ, ಒಮ್ಮೆ ಮತ್ತೆ ಬೊಂಬೆಗೆ. ಕೊನೆಕೊನೆಗೆ ಮಾವನ ತಲೆಯೊಳಗೆ ಎಡಬಲಗಳು ಮನೆ ಬದಲಾಯಿಸಿಬಿಟ್ಟವು. ಊಟಕ್ಕೆ ಕೂತರೆ ಎಡಗೈ ತಾನಾಗಿ ತಟ್ಟೆಗೆ ಹೋಯಿತು. ಚಪ್ಪಲಿಗಳು ಅದಲುಬದಲಾಗಿ ಕಾಲಿಗೆ ಸೇರಿಕೊಂಡವು.

ಇದೇ ತಲೆಯಲ್ಲಿ ಅವರು ಅಜ್ಜನ ಕನ್ನಡಕ ಮುಗಿಸಲು ಕೂತರು. ದುಂಡು ಫ್ರೇಮು, ಯಾವ ಗಾಜು ಯಾವ ಕಡೆಗಾದರೂ ಕೂರುತ್ತದೆ. ಕೂರಿಸಿ, ಒರೆಸಿ, ಅಜ್ಜನ ಮೂಗಿಗೆ ಏರಿಸಿದರು.

ಅಜ್ಜ ಎದ್ದು ಎರಡು ಹೆಜ್ಜೆ ಇಟ್ಟು ನಿಂತರು. ಟೈಲರಮ್ಮನ ಬಾಗಿಲ ಹತ್ತಿರ ಹೋಗಿ ಬೊಂಬೆಗೆ, "ಸ್ವಲ್ಪ ಜರುಗಮ್ಮ ತಾಯಿ," ಎಂದರು. ಅದು ಜರುಗದಿದ್ದಾಗ ಮೆಲ್ಲಗೆ ಹಿಂದಿರುಗಿ ಬಂದು ಕುರ್ಚಿಯಲ್ಲಿ ಕುಸಿದರು. ಯಾವಾಗಲೂ ಗುಡುಗುವ ದನಿ ಸಣ್ಣದಾಗಿತ್ತು. "ಕನ್ನಡಕಾ, ಬೀದಿ ಓರೆಯಾಗಿ ಕಾಣ್ತಿದೆ. ನನ್ನ ಕಣ್ಣು ಹೋಯ್ತು ಅನ್ಸುತ್ತೆ ಕಣೋ."

ಮಾವ ಗಾಬರಿಯಿಂದ ಕನ್ನಡಕ ತೆಗೆದು ಬೆಳಕಿಗೆ ಹಿಡಿದರು. ಬಲಗಣ್ಣಿನ ಗಾಜು ಎಡಕ್ಕೆ, ಎಡದ್ದು ಬಲಕ್ಕೆ. ಇಷ್ಟು ವರ್ಷದಲ್ಲಿ ಎಂದೂ ಆಗದ ತಪ್ಪು. ನಾಚಿಕೆಯಿಂದ ಕಿವಿ ಕೆಂಪಾಗಿ ಗಾಜುಗಳನ್ನು ಬದಲಾಯಿಸಿ ಕೊಟ್ಟರು. "ಕಣ್ಣು ಸರಿಯಾಗಿದೆ ಅಜ್ಜ. ಕೆಟ್ಟಿರೋದು ನನ್ನ ತಲೆ."

ಅಜ್ಜ ಬೈಯುತ್ತಾರೆ ಎಂದುಕೊಂಡರೆ ಅವರ ಮುಖ ಅರಳಿತು. "ಎಡ ಬಲ ಮರ್ತೇಹೋಯ್ತಾ? ಹಾಗಂದ್ರೆ ವಿದ್ಯೆ ಮೈಗಿಳೀತು ಅಂತ ಅರ್ಥ. ಹೋಗು, ಟ್ರೇಲರ್ ತಗೋ."

ಬೇರೆಯವರ ಧೈರ್ಯ ಕೈಗೆ ಬಂದಾಗ ಬೇಗ ಖರ್ಚು ಮಾಡಬೇಕು, ಇಟ್ಟುಕೊಂಡರೆ ಹುಳಿಯಾಗುತ್ತದೆ. ಮಾವ ಕಂಪ್ಯೂಟರಿನ ಮುಂದೆ ಕೂತು, ಕಂಪನಿಯಲ್ಲಿದ್ದ ತಮ್ಮ ಪಾಲಿನ ಗಳಿಕೆಯನ್ನೆಲ್ಲ ಸುರಿದು, ಉದ್ದನೆಯ ನೀಲಿ ಟ್ರೇಲರು ಕೊಂಡುಬಿಟ್ಟರು.

ಸಂಜೆ ಅಂಗಡಿಯ ಶಟರು ಅರ್ಧ ಇಳಿದಿತ್ತು. ಮಾವನ ಬೆನ್ನ ಹಿಂದೆ ಹೆಂಡತಿ, ಟೈಲರಮ್ಮ, ಗೇರ್ ಅಜ್ಜ. ತೆರೆಯ ಮೇಲೆ ಗೋದಾಮಿನ ಅಂಗಳ. ಮಗಳ ಲಾರಿ ಗೇಟಿನೊಳಗೆ ಬಂದು ಪಕ್ಕದಲ್ಲಿ ನಿಂತಿತು.

"ಅಪ್ಪಾ, ಏನು ತೀರ್ಮಾನ ಮಾಡಿದೆ?" ಸ್ಪೀಕರಿನಿಂದ ಅವಳ ದನಿ ಬಂತು.

ಮಾವ ನೀಲಿ ಟ್ರೇಲರನ್ನು ಹಿಂದಕ್ಕೆ ಬಿಟ್ಟರು. ಎಡದ ಬಾಣ ಒತ್ತಬೇಕೆಂದುಕೊಂಡರು. ಬೆರಳು ಗಡಿಬಿಡಿಯಲ್ಲಿ ಬಲದ್ದನ್ನು ಒತ್ತಿತು. ಅದನ್ನು ಸರಿಪಡಿಸಲು ಹೋಗಿ ಇನ್ನೇನೋ ಒತ್ತಿದರು. ನೀಲಿ ಟ್ರೇಲರು ಒಮ್ಮೆ ಸೊಂಟ ಬಳುಕಿಸಿ, ಮೇಜಿನ ಡ್ರಾಯರು ಒಳಗೆ ಸೇರಿದ ಹಾಗೆ ಮೆತ್ತಗೆ ಹೋಗಿ ಕಟ್ಟೆಗೆ ಹತ್ತಿಕೊಂಡು ನಿಂತಿತು.

ಅಂಗಡಿಯಲ್ಲಿ ಚಪ್ಪಾಳೆ. ಅಜ್ಜ ಮಾವನ ಬೆನ್ನಿಗೆ ಗುದ್ದಿದರು.

"ಅಪ್ಪಾ," ಎಂದಳು ಮಗಳು. "ತಗೊಂಡೇ ಬಿಟ್ಯಾ?"

"ನಿನಗೋಸ್ಕರ ಪುಟ್ಟಿ. ನೀನು ಅವರ ಜೊತೆ ಹೋಗ್ಬಿಡ್ತೀಯೇನೋ ಅಂತ."

"ಅಯ್ಯೋ ಅಪ್ಪ." ಅವಳು ದನಿ ತಗ್ಗಿಸಿದಳು. "ನಂಗೆ ರಿವರ್ಸ್ ಬರಲ್ಲ. ನೀನು ಹೇಗೂ ಬೇಡ ಅಂತೀಯ, 'ನಮ್ಮಪ್ಪ ಒಪ್ಪಲ್ಲ, ಅವರನ್ನ ಒಬ್ಬರನ್ನೇ ಬಿಟ್ಟು ನಾನು ಬರಲ್ಲ' ಅಂತ ಹೇಳಿ ಇವರಿಂದ ತಪ್ಪಿಸ್ಕೊಳ್ಳೋಣ ಅಂತಿದ್ದೆ. ಬೆಳಿಗ್ಗೆಯಿಂದ ನಿನ್ನ 'ಬೇಡ'ಕ್ಕೇ ಕಾಯ್ತಾ ಕೂತಿದೀನಿ."

ಅಷ್ಟರಲ್ಲಿ ಅತ್ತ ಕಡೆ ಹುಡುಗಿಯರ ಗಲಾಟೆ ಕೇಳಿಸಿತು. ಮಗಳ ಬೆನ್ನ ಹಿಂದೆಯೂ ಒಂದು ಬೀದಿ ನೆರೆದಿತ್ತು.

"ಅಂಕಲ್, ಎಷ್ಟು ಚೆನ್ನಾಗಿ ನಿಲ್ಲಿಸಿದ್ರಿ," ಎಂದಳೊಬ್ಬಳು. "ನಮಗೂ ಹೇಳ್ಕೊಡಿ ಅಂಕಲ್. ಟ್ರೇಲರ್ ತಗೊಂಡಾಗಿಂದ ಒಬ್ಬಳೂ ಒಂದು ಮೂಟೆ ಲೋಡ್ ಮಾಡಿಲ್ಲ. ಅಂಗಳದಲ್ಲೇ ಸುತ್ತುತಾ ಇದೀವಿ."

"ಇವಳಿಗೂ ಒಂದು ತಗೊಂಡ್ವಿ ಅಂಕಲ್, ಈಗಷ್ಟೇ," ಎಂದಳು ಇನ್ನೊಬ್ಬಳು. "ನೀವು ತಗೊಂಡ ಮೇಲೆ ಇವಳಿಗೇನು ನೆಪ."

"ಇವರೇ ಗುಂಡಿ ಒತ್ತಿಬಿಟ್ರು ಅಪ್ಪ," ಎಂದಳು ಮಗಳು ಅಳುದನಿಯಲ್ಲಿ. "ನನ್ನ ಪಾಲಿನ ಗಳಿಕೆಯೂ ಹೋಯ್ತು. ಇನ್ನೊಂದ್ಸಲ ನಿಧಾನಕ್ಕೆ ಮಾಡಿ ತೋರಿಸು, ನಾನು ನೋಡ್ಕೋತೀನಿ."

ಮಾವ ಟ್ರೇಲರನ್ನು ಮುಂದಕ್ಕೆ ತಂದರು. ಮೊದಲು ಯಾವ ಬಾಣ ಒತ್ತಿದ್ದೆ ಎಂದು ಜ್ಞಾಪಿಸಿಕೊಂಡರು. ಯಾವುದೂ ಜ್ಞಾಪಕಕ್ಕೆ ಬರಲಿಲ್ಲ. ಕತ್ತು ಹಿಂದೆ ತಿರುಗಿಸಿ ಪಿಸುಗುಟ್ಟಿದರು, "ಅಜ್ಜಾ, ಹೇಳಿ ಬೇಗ. ನೀವು ಹೇಗೆ ಮಾಡ್ತಿದ್ರಿ?"

ಅಜ್ಜ ಹೊಸ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. "ನಾನೆಲ್ಲಿ ಮಾಡ್ತಿದ್ದೆ? ರಿವರ್ಸ್ ಬಂದ್ರೆ ಕ್ಲೀನರ್ ಕೈಗೆ ಸ್ಟೀರಿಂಗ್ ಕೊಟ್ಟು ಇಳಿದು ಟೀ ಕುಡೀತಿದ್ದೆ."

ನೀಲಿ ಟ್ರೇಲರು ಬಲಕ್ಕೆ ಎಂದರೆ ಎಡಕ್ಕೆ ಹೋಯಿತು, ಎಡಕ್ಕೆ ಎಂದರೂ ಎಡಕ್ಕೇ ಹೋಯಿತು. ಅಂಗಳ ದಾಟಿ, ಗೇಟಿನ ಎರಡು ಕಂಬಗಳ ನಡುವೆ ಅಡ್ಡಡ್ಡ ಸಿಕ್ಕಿಕೊಂಡು, ಹಿಂದೂ ಇಲ್ಲ ಮುಂದೂ ಇಲ್ಲ ಎಂದು ನಿಂತುಬಿಟ್ಟಿತು.

ಆಮೇಲೆ ಸ್ಪೀಕರಿನಲ್ಲಿ ನಗು ಕೇಳಿಸಿತು. ಗೆಳತಿಯರದಲ್ಲ, ಮಗಳದು. ಹಾಸ್ಟೆಲಿಗೆ ಹೋದ ಮೇಲೆ ಒಮ್ಮೆಯೂ ಕೇಳಿರದ, ಉಸಿರು ಕಟ್ಟಿ ಬಿಕ್ಕಳಿಕೆ ಬರುವಂಥ ನಗು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಸ್ಪೀಕರನ್ನು ಸ್ವಲ್ಪ ಜೋರು ಮಾಡಿದಳು.

"ಅಪ್ಪಾ, ನಿನಗೂ ಬರಲ್ವಾ?"

"ಇಲ್ಲ ಪುಟ್ಟಿ."

"ಹಾಗಾದ್ರೆ ನಾನು ಪ್ರಯತ್ನಿಸ್ತೀನಿ, ನೀನು ನೋಡ್ತಿರು. ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ."

"ಅವಸರ ಏನಿಲ್ಲಮ್ಮ, ನಿಧಾನಕ್ಕೆ ಬಾ," ಎಂದರು ಮಾವ, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ನಾನು ಗೇಟಲ್ಲೇ ಇದೀನಿ. ಇವತ್ತು ಯಾರೂ ಹೊರಗೆ ಹೋಗೋ ಹಾಗಿಲ್ಲ."