ಐವರಿ ಕೋಸ್ಟಿಗೆ ಹೋದ ಇಂಡಿ

ಈ ಸ್ವಿಫ್ಟ್ ಕೋಡ್ ಎಂಬುದನ್ನು ಯಾವ ಪುಣ್ಯಾತ್ಮ ಹುಟ್ಟಿಸಿದನೋ, ಅವನು ಆ ಮಧ್ಯಾಹ್ನ ಇಂಡಿಗೆ ಬಂದು ಡ್ರಾಯಿಂಗ್ ಮಾಸ್ತರ ಧರ್ಮರಾಜನ ಪಾಡನ್ನು ನೋಡಬೇಕಿತ್ತು.

ಸಂತೆಯಲ್ಲಿ ನಿಂಬೆಹಣ್ಣು ಕಚ್ಚಿ ಮುಖ ಕಿವುಚಿದ ಆಡೊಂದರ ಫೋಟೋ ತೆಗೆದಿದ್ದ ಧರ್ಮರಾಜ. ಅದನ್ನು ಹಾಲೆಂಡಿನ ಒಂದು ಕ್ಯಾಲೆಂಡರ್ ಕಂಪನಿ ಆರಿಸಿತ್ತು. ಒಂದಿಡೀ ತಿಂಗಳಿಗೆ ಅವನ ಚಿತ್ರ, ಕೆಳಗೆ ಅವನ ಹೆಸರು, ಜೊತೆಗೆ ಮೂವತ್ತು ಯೂರೋ ಬಹುಮಾನ. ಹತ್ತು ವರ್ಷ ಕ್ಯಾಮೆರಾ ಹೊತ್ತು ತಿರುಗಿ, ಮಾಸ್ತರಿಗೆ ಬೇರೆ ಕೆಲಸವಿಲ್ಲ ಎಂದು ಊರವರಿಂದ ಅನ್ನಿಸಿಕೊಂಡವನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಇವತ್ತು ಮೂರು ಗಂಟೆಯೊಳಗೆ ಬ್ಯಾಂಕಿನ ಸ್ವಿಫ್ಟ್ ಕೋಡ್ ತುಂಬದಿದ್ದರೆ ಚಿತ್ರ ಕೈಬಿಡುತ್ತೇವೆಂದು ಅವರು ಬರೆದಿದ್ದರು.

ಬ್ಯಾಂಕಿಗೆ ಹೊರಟವನ ಬೆನ್ನಿಗೆ ನೆರೆಮನೆಯ ರಾವಸಾಬ ಕಾಕಾ ಬಿದ್ದರು. ಕಂದಾಯ ಇಲಾಖೆಯ ನಿವೃತ್ತ ತಲಾಠಿ, ಕಂಡವರ ಅರ್ಜಿ ಬರೆಯದಿದ್ದರೆ ಅವರಿಗೆ ಉಂಡದ್ದು ಅರಗದು. ಸ್ವಿಫ್ಟ್ ತಮ್ಮ ಅಳಿಯನ ಹತ್ತಿರವೂ ಒಂದಿದೆ, ಅದರ ನಂಬರನ್ನೇ ಕೊಟ್ಟರಾಯಿತು ಎಂದು ದಾರಿಯುದ್ದಕ್ಕೂ ಹೇಳಿದರು. ಇದು ಕಾರಿನದಲ್ಲ, ಪರದೇಶದ ಹಣ ಯಾವ ಬ್ಯಾಂಕಿಗೆ ಬರಬೇಕೆಂದು ತೋರಿಸುವ ಗುರುತು ಎಂದು ಧರ್ಮರಾಜ ಬಿಡಿಸಿ ಹೇಳುವಷ್ಟರಲ್ಲಿ ಬ್ಯಾಂಕು ಬಂತು.

ತಮ್ಮ ಶಾಖೆಗೆ ಅಂಥ ಕೋಡೇ ಇಲ್ಲ, ವಿಜಯಪುರದ ದೊಡ್ಡ ಶಾಖೆಯದನ್ನು ಕೊಡಬೇಕು ಎಂದರು ಕೌಂಟರಿನ ವಿದ್ಯಾವತಿ ಮೇಡಂ. ಪಾಪ, ಅಲ್ಲಿಗೆ ಫೋನನ್ನೂ ಹಚ್ಚಿದರು. ಅಕ್ಷರ ತಪ್ಪಬಾರದೆಂದು ಆ ಕಡೆಯವರು ಊರುಗಳ ಹೆಸರು ಹಿಡಿದು ಹೇಳುತ್ತಿದ್ದರು. ಊರಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಬರೆದುಕೊಂಡರಾಯಿತು. ಧರ್ಮರಾಜ ಪೆನ್ನು ತೆಗೆಯುವುದೇ ತಡ, ರಾವಸಾಬರು ಅದನ್ನು ಕಸಿದುಕೊಂಡರು.

"ಬಸವನ ಬಾಗೇವಾಡಿ, ಬರ್ಕೋರಿ. ಸಿಂದಗಿ. ಮುದ್ದೇಬಿಹಾಳ. ಚಡಚಣ. ಇಂಡಿ. ನಿಡಗುಂದಿ..." ವಿದ್ಯಾವತಿ ಹೇಳುತ್ತ ಹೋದರು. ರಾವಸಾಬರು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತ ಹೋದರು.

ಮೊಬೈಲಿನಲ್ಲಿ ಕಂಪನಿಯ ಫಾರ್ಮ್ ತುಂಬಲು ಕುಳಿತರೆ ಅಲ್ಲಿ ಕೋಡಿಗೆ ಹನ್ನೊಂದೇ ಮನೆ, ಚೀಟಿಯಲ್ಲಿ ಹನ್ನೆರಡು ಅಕ್ಷರ. ಸೇರಿನಲ್ಲಿ ಒಂದು ಕಾಳು ಕಡಿಮೆಯಾದರೆ ಜೋಳ ಗೋಧಿಯಾಗುವುದಿಲ್ಲ, ಕೊನೆಯದನ್ನು ಬಿಡು ಎಂದರು ರಾವಸಾಬರು. ಬುದ್ಧಿಗೇಡಿ ಧರ್ಮರಾಜ ಬಿಟ್ಟ. ನಿಮ್ಮ ಬ್ಯಾಂಕು ಐವರಿ ಕೋಸ್ಟ್ ದೇಶದಲ್ಲಿದೆಯೇ ಎಂದು ಮೊಬೈಲು ಕೇಳಿತು.

ಧರ್ಮರಾಜ ಅದನ್ನು ಗಟ್ಟಿಯಾಗಿ ಓದಿದ. ಅದು ಆಫ್ರಿಕಾದಲ್ಲಿದೆ, ನಮ್ಮ ಪಕ್ಕದ ಝಳಕಿ ದಾಟಿ ಬಹಳ ದೂರ ಹೋಗಬೇಕು ಎಂದು ಪಾಳಿಯಲ್ಲಿ ನಿಂತಿದ್ದ ಬಂದಗಿಸಾಬ ತಿಳಿಸಿದ. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ವಿದ್ಯಾವತಿ ಚೀಟಿ ಕಿತ್ತುಕೊಂಡು ಬೆರಳಿಟ್ಟು ಎಣಿಸಿದರು. ಮೊದಲ ನಾಲ್ಕು ಅಕ್ಷರ ಬ್ಯಾಂಕಿನವು, ಐದು ಮತ್ತು ಆರನೆಯವು ದೇಶದವು. ಭಾರತಕ್ಕೆ ಐ, ಎನ್ ಬರಬೇಕಾದಲ್ಲಿ ಸಿ, ಐ ಬಂದು ಕುಳಿತಿದ್ದವು. ಅದಕ್ಕೂ ಮೊದಲೆಲ್ಲೋ ಒಂದು ಅಕ್ಷರ ಹೆಚ್ಚಾಗಿ ಉಳಿದವೆಲ್ಲ ಒಂದೊಂದು ಮನೆ ಸರಿದಿದ್ದವು.

"ಕಾಕಾ, ಮೊದಲಿಗೆ ಎರಡು ಬಿ ಯಾಕ ಬರದೀರಿ?"

"ಬಸವನ ಅಂದ್ರ ಒಂದ ಬಿ, ಬಾಗೇವಾಡಿ ಅಂದ್ರ ಇನ್ನೊಂದ ಬಿ," ಎಂದರು ರಾವಸಾಬರು. "ಮೂವತ್ತೈದು ವರ್ಷ ಸರಕಾರಿ ಕಾಗದ ಬರದೇನ್ರಿ. ಹೇಳಿದ್ದರಾಗ ಒಂದಕ್ಷರ ಬಿಟ್ಟಾಂವಲ್ಲ ನಾ."

ಒಂದು ಬಿ ಹಾರಿತು. ಮೂರಕ್ಕೆ ಎರಡು ನಿಮಿಷ ಇರುವಾಗ ಮೊಬೈಲು ಒಪ್ಪಿಕೊಂಡಿತು. ಧರ್ಮರಾಜ ಖುಷಿಯಲ್ಲಿ ಪಾಳಿಯವರಿಗೆಲ್ಲ ಚಹಾ ತರಿಸಿದ.

ಕಪ್ಪು ಖಾಲಿಯಾಗುವ ಮೊದಲೇ ಹಾಲೆಂಡಿನಿಂದ ಉತ್ತರ ಬಂತು. ಕೋಡ್ ಸರಿಯಾಗಿದೆ. ಚಿತ್ರ ಜೂನ್ ತಿಂಗಳಿಗೆ ಹೋಗುತ್ತದೆ, ಕೆಳಗೆ ಧರ್ಮರಾಜ, ಇಂಡಿ ಎಂದು ಅಚ್ಚಾಗುತ್ತದೆ. ಹಣ ಕಳಿಸುವ ಬ್ಯಾಂಕ್ ಖರ್ಚು ಮೂವತ್ತೆಂಟು ಯೂರೋ, ಅದು ನಿಮ್ಮದೇ. ಅದಕ್ಕೆ ಬಹುಮಾನದ ಮೂವತ್ತನ್ನು ಮುರಿದುಕೊಂಡಿದ್ದೇವೆ; ಉಳಿದ ಎಂಟು ಯೂರೋ ಅಚ್ಚಿಗೆ ಮೊದಲು ದಯವಿಟ್ಟು ಕಳಿಸಿ. ನಮ್ಮ ಸ್ವಿಫ್ಟ್ ಕೋಡ್ ಕೆಳಗಿದೆ.

ಆ ಎಂಟು ಯೂರೋ ಕಳಿಸಲು ಈ ಕಡೆಯ ಖರ್ಚೇ ಸಾವಿರ ರೂಪಾಯಿ ದಾಟುತ್ತದೆ ಎಂದು ವಿದ್ಯಾವತಿ ಮೆಲ್ಲಗೆ ಹೇಳಿದರು. ಇದರ ಸಹವಾಸವೇ ಬೇಡ, ಬಿಟ್ಟುಬಿಡು ಎಂದರು ರಾವಸಾಬರು.

ಧರ್ಮರಾಜ ತನ್ನ ಹೆಸರನ್ನು ಇನ್ನೊಮ್ಮೆ ಓದಿದ. ಅವನಿಗೆ ನಗು ತಡೆಯಲಾಗಲಿಲ್ಲ.

"ಫಾರ್ಮ್ ಕೊಡ್ರಿ ಮೇಡಂ," ಎಂದ. "ಸಾವಿರ ಹೋದ್ರ ಹೋಗಲಿ. ಜೂನ್ ತಿಂಗಳು ನಂದೈತಿ."